ಕಲಾಮಿಟಿ ಜೇನ್

ಕಲಾಮಿಟಿ ಜೇನ್: ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ (1902–1971) ಬಳಸುತ್ತಿದ್ದ ಪಟ್ಟರ್‌ನ ಹೆಸರು. ಪಟ್ಟರ್ ಎಂದರೆ ಚೆಂಡನ್ನು ಕುಳಿಯತ್ತ ಮೆಲ್ಲಗೆ ಉರುಳಿಸುವ ಕೋಲು. ಅಮೆರಿಕದ ಪಶ್ಚಿಮ ಗಡಿನಾಡಿನ ಗಟ್ಟಿಗಿತ್ತಿಯೊಬ್ಬಳ ಅಡ್ಡಹೆಸರೇ ಇದಕ್ಕೂ ಬಂತು. ಜೋನ್ಸ್ ಗೆದ್ದ ಹದಿಮೂರು ಪ್ರಮುಖ ಪ್ರಶಸ್ತಿಗಳ ಕಥೆಯಲ್ಲಿ ಆಟಗಾರನಷ್ಟೇ ಹೆಸರು ಈ ಕೋಲಿಗೂ ಇದೆ.

1923ರಲ್ಲಿ ಲಾಂಗ್ ಐಲೆಂಡಿನ ನಸ್ಸೌ ಕ್ಲಬ್ಬಿನ ವೃತ್ತಿಪರ ಆಟಗಾರ ಜಿಮ್ ಮೇಡನ್ ಇದನ್ನು ಜೋನ್ಸ್‌ಗೆ ಕೊಟ್ಟ. ಅದೇ ವರ್ಷ ಇನ್‌ವುಡ್‌ನಲ್ಲಿ ಜೋನ್ಸ್ ಮೊದಲ ಯು.ಎಸ್. ಓಪನ್ ಗೆದ್ದ. ಹಿಕರಿ ಮರದ ಹಿಡಿ, ತೆಳುವಾದ ಉಕ್ಕಿನ ಅಲಗು, ಹಿಡಿಯ ಮೇಲೆ ಬಿಗಿದು ಸುತ್ತಿದ ಕಪ್ಪು ದಾರದ ಪಟ್ಟಿಗಳು: ನೋಡಲು ತೀರಾ ಸಾದಾ. ತುಕ್ಕು ತೆಗೆಯಲೆಂದು ಪದೇಪದೇ ಉಜ್ಜಿದ್ದರಿಂದ ಅಲಗಿನ ಮುಖ ಸವೆದು, ಹೊಡೆತದ ಹದ ಕೆಟ್ಟಿತು. ಆಗ ಸ್ಪಾಲ್ಡಿಂಗ್ ಕಂಪನಿ ಇದರ ಪ್ರತಿ ಮಾಡಿಕೊಟ್ಟಿತು. 1930ರಲ್ಲಿ ಒಂದೇ ವರ್ಷ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಬಾಚಿದ್ದು ಈ ಎರಡನೆಯ ಕೋಲಿನಿಂದ. ಮೂಲಕ್ಕಿಂತ ನಕಲೇ ಹೆಚ್ಚು ದುಡಿದ ಅಪರೂಪದ ಪ್ರಸಂಗ ಇದು! ಅದೇ ವರ್ಷ, 28ನೆಯ ವಯಸ್ಸಿಗೆ, ಜೋನ್ಸ್ ಸ್ಪರ್ಧೆಗಳಿಂದ ನಿವೃತ್ತನಾದ.

ಮುಂದೆ ಸ್ಪಾಲ್ಡಿಂಗ್ ಇದೇ ಹೆಸರಿನ ಪಟ್ಟರ್‌ಗಳನ್ನು ಮಾರುಕಟ್ಟೆಗೆ ತಂದಿತು. ಸಂಗ್ರಾಹಕರ ಕೈಯಲ್ಲಿ ಓಡಾಡುವುದು ಬಹುತೇಕ ಇವೇ. ಹೀಗಾಗಿ ಅಟ್ಟದಲ್ಲಿ ಸಿಕ್ಕ ಕೋಲಿನ ಮೇಲೆ ಈ ಹೆಸರಿದ್ದ ಮಾತ್ರಕ್ಕೆ ಅದು ಜೋನ್ಸ್‌ನದೆಂದು ಹಿಗ್ಗಬೇಕಿಲ್ಲ. ಮೊದಲ ಕೋಲು ಜಾರ್ಜಿಯಾದ ಆಗಸ್ಟಾ ನ್ಯಾಷನಲ್ ಕ್ಲಬ್ಬಿನಲ್ಲಿದೆ. ಎರಡನೆಯದು ನ್ಯೂಜೆರ್ಸಿಯ ಯು.ಎಸ್. ಗಾಲ್ಫ್ ಅಸೋಸಿಯೇಷನ್ ವಸ್ತುಸಂಗ್ರಹಾಲಯದಲ್ಲಿದೆ.