ಮನೆ ಬಿಟ್ಟು ಬದುಕಿದ ದಿನಗಳು

ಬೆಳಗಾವಿಯಿಂದ ಬಾಗಲಕೋಟೆಯತ್ತ ಹೋಗುವ ರಸ್ತೆಯಲ್ಲಿ ನೇಸರಗಿ ಸಿಗುತ್ತದೆ. ಈಗ ಬೈಲಹೊಂಗಲ ತಾಲ್ಲೂಕಿನಲ್ಲಿರುವ ಈ ಊರು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದ ಬೆಳಗಾವಿ ಜಿಲ್ಲೆಯ ಸಂಪಗಾವಿ ತಾಲ್ಲೂಕಿಗೆ ಸೇರಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ದೇಶದ ಎಲ್ಲ ಊರುಗಳಂತೆ ಇಲ್ಲಿಯೂ ಜನ ಕೇಳಿದ ಮಾತು ‘ಮನೆ ಬಿಟ್ಟು ಹೊರಗೆ ಬರಬೇಡಿ’ ಎಂಬುದು. ಅದಕ್ಕೆ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಸೀಮೆಯ ಹಿರಿಯರು ಕಂಡ ಪಿಡುಗಿನಲ್ಲಿ ಬದುಕುವ ದಾರಿ ಬೇರೆಯೇ ಆಗಿತ್ತು. ಆಗ ಉಳಿಯಬೇಕಾದವನು ಮನೆಯನ್ನೇ ಬಿಟ್ಟು ಹೊರಡಬೇಕಿತ್ತು.

ಆ ಪಿಡುಗು ಪ್ಲೇಗು. 1896ರ ಸೆಪ್ಟೆಂಬರ್‌ನಲ್ಲಿ ಅದು ಮುಂಬಯಿ ಬಂದರಿನ ಸಮೀಪದ ಮಾಂಡವಿ ಪ್ರದೇಶದಲ್ಲಿ ಕಾಣಿಸಿಕೊಂಡಿತು. ರೈಲು ಮತ್ತು ಸರಕಿನ ಜೊತೆಗೆ ಒಳನಾಡಿಗೆ ಇಳಿದು, 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತು. 1891ರಲ್ಲಿ ಹತ್ತು ಲಕ್ಷ ದಾಟಿದ್ದ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 1901ರ ಗಣತಿಯಲ್ಲಿ ಸುಮಾರು 9 ಲಕ್ಷ 94 ಸಾವಿರಕ್ಕೆ ಇಳಿದಿತ್ತು. ಆ ಹತ್ತು ವರ್ಷಗಳಲ್ಲಿ ಬಂದ ಕಷ್ಟಗಳಲ್ಲಿ ಪ್ಲೇಗೂ ಒಂದು.

ಇಲಿ ಬಿದ್ದರೆ ಊರು ಖಾಲಿ

ರೋಗವನ್ನು ಇಲಿಯ ಮೈಮೇಲಿನ ಚಿಗಟ ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಸಿಮೋಂ 1898ರಲ್ಲಿ ಹೇಳಿದಾಗ ಹೆಚ್ಚಿನ ತಜ್ಞರು ನಂಬಲಿಲ್ಲ. ಹಳ್ಳಿಯ ಜನರಿಗೆ ಚಿಗಟದ ಸಂಗತಿ ಗೊತ್ತಿರಲಿಲ್ಲ, ಆದರೆ ಮನೆಯಲ್ಲಿ ಇಲಿ ಸತ್ತು ಬೀಳುವುದರ ಅರ್ಥ ಬಹುಬೇಗ ತಿಳಿಯಿತು. ಜೋಳ ತುಂಬಿದ ಕಣಜವೇ ಒಕ್ಕಲು ಮನೆತನದ ಆಸ್ತಿ. ಇಲಿಯ ನೆಲೆಯೂ ಅದೇ. ಹೀಗಾಗಿ ಕಾಳು ಕಡಿ ಇದ್ದ ಮನೆಯೇ ಅಪಾಯದ ಮನೆಯಾಯಿತು.

ಊರು ಬಿಡುವುದು ಈ ಭಾಗದವರಿಗೆ ತೀರ ಹೊಸದೇನೂ ಆಗಿರಲಿಲ್ಲ. ಗ್ರಾಮದೇವಿ ದ್ಯಾಮವ್ವನ ಜಾತ್ರೆಗೆ ಮುನ್ನ ಊರವರೆಲ್ಲ ಮನೆಗೆ ಬೀಗ ಹಾಕಿ, ಹೊರಗೆ ಅಡುಗೆ ಮಾಡಿ ಉಂಡು ಬರುವ ‘ಹೊರಬೀಡು’ ಪದ್ಧತಿ ಉತ್ತರ ಕರ್ನಾಟಕದ ಹಲವು ಕಡೆ ಇದೆ. ಸೀಗೆ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದೂ ಉಂಟು. ಹಬ್ಬದ ದಿನ ಸಂಭ್ರಮದಿಂದ ಹೋಗುತ್ತಿದ್ದ ಅದೇ ಹೊಲದಲ್ಲಿ ಪ್ಲೇಗಿನ ಕಾಲಕ್ಕೆ ತಿಂಗಳುಗಟ್ಟಲೆ ಇರಬೇಕಾಯಿತು.

ಜೋಳದ ಕಣಿಕೆ, ಗಳ, ಚಾಪೆಗಳಿಂದ ಗುಡಿಸಲು ಎಬ್ಬಿಸಬೇಕು. ದಿನದ ರೊಟ್ಟಿಗೆ ಹಿಟ್ಟು ಬೇಕು, ಬೀಸುವ ಕಲ್ಲನ್ನು ಹೊತ್ತು ತರಬೇಕು, ಇಲ್ಲವೇ ಇದ್ದವರ ಗುಡಿಸಲಿಗೆ ಹೋಗಿ ಬೀಸಿಕೊಳ್ಳಬೇಕು. ಒಣ ಕಣಿಕೆಯ ಪಕ್ಕದಲ್ಲೇ ಒಲೆ ಹೊತ್ತಿಸುವಾಗ ಕಿಡಿ ಹಾರದಂತೆ ಕಾಯಬೇಕು. ಬಾಣಂತಿ, ಹಸುಗೂಸು, ಏಳಲಾರದ ಮುದುಕರನ್ನು ರಾತ್ರಿಯ ಥಂಡಿಯಿಂದ ಉಳಿಸಬೇಕು. ಬೀಗ ಹಾಕಿದ ಮನೆಗೆ ಕಳ್ಳರು ನುಗ್ಗಿದರೆ ಎಂಬ ದಿಗಿಲು ಬೇರೆ. ಮನೆಯಲ್ಲಿ ಮರೆತ ಪಾತ್ರೆಗೋ ಕಾಳಿಗೋ ಒಂದು ಗಳಿಗೆ ಒಳಗೆ ಹೋಗಿ ಬಂದವನೇ ರೋಗ ತರಬಹುದಿತ್ತು. ಗುಡಿಸಲಿಗೆ ಒಯ್ದ ಕಾಳಿನ ಚೀಲ, ಹಾಸಿಗೆಗಳಲ್ಲಿ ಚಿಗಟವೂ ಹೋಗಬಹುದು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಬೇಸಿಗೆಯ ಒಣ ಬಿಸಿಲಿಗೆ ಚಿಗಟಗಳ ಆಯುಸ್ಸು ಕುಗ್ಗುತ್ತದೆ. ಆಗ ರೋಗ ಇಳಿಯುತ್ತಿತ್ತು. ಮನೆ ಸಾರಿಸಿ, ಸುಣ್ಣ ಬಳಿದು ಸಂಸಾರಗಳು ಒಳಗೆ ಬರುತ್ತಿದ್ದವು. ಮರುವರ್ಷ ಇಲಿ ಬಿದ್ದರೆ ಮತ್ತೆ ಹೊಲ. ಹಳೆಯ ಮೈಸೂರು ಪ್ರಾಂತ್ಯದ ಹಳ್ಳಿಗಳಲ್ಲಿ ಈ ಬಾಳು ಹೇಗಿತ್ತೆಂಬುದು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯಲ್ಲಿ ಚಿತ್ರಿತವಾಗಿದೆ.

ಸರ್ಕಾರದ ಭಯ

ರೋಗದಷ್ಟೇ ಭಯ ಹುಟ್ಟಿಸಿದ್ದು ಸರ್ಕಾರದ ಕ್ರಮಗಳು. 1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಮನೆ ಹೊಕ್ಕು ಶೋಧಿಸುವ, ಸಾಮಾನು ಸುಡುವ, ರೋಗಿಯನ್ನು ಮನೆಯವರಿಂದ ಬೇರ್ಪಡಿಸುವ ಬಲ ಕೊಟ್ಟಿತು. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ, ಹೆಂಗಸರ ಮೈಯನ್ನು ಪರಗಂಡಸರು ಮುಟ್ಟಿ ನೋಡುತ್ತಾರೆ ಎಂಬ ಅಂಜಿಕೆಯಿಂದ ಮನೆಯವರು ಜ್ವರ ಬಂದವರನ್ನು ಬಚ್ಚಿಟ್ಟರು. ಪುಣೆಯಲ್ಲಿ ಈ ಸಿಟ್ಟು 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲಿನ ಗುಂಡಿನ ದಾಳಿಯವರೆಗೆ ಹೋಯಿತು.

ಇದರ ನಡುವೆಯೂ 1898ರಲ್ಲಿ ಹುಬ್ಬಳ್ಳಿಯ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಫ್‌ಕಿನ್ ತಯಾರಿಸಿದ ಲಸಿಕೆ ಚುಚ್ಚಿಸಿಕೊಂಡರು. ಚುಚ್ಚಿದ ಮೇಲೆ ಜ್ವರ, ತೋಳು ಬಾವು ಬರುತ್ತಿದ್ದವು. ಕೂಲಿಯವನಿಗೆ ಅದು ದಿನಗಳಿಕೆಯ ನಷ್ಟ. ಹಾಗಿದ್ದೂ ಅವರು ಮುಂದೆ ಬಂದದ್ದು ಸಣ್ಣ ಸಂಗತಿಯಲ್ಲ.

ಎಲ್ಲರೂ ಒಮ್ಮೆಗೆ ಮಲಗಿದಾಗ

1918ರಲ್ಲಿ ಬಂದ ಇನ್‌ಫ್ಲುಯೆಂಜಾಕ್ಕೆ ಊರು ಬಿಡುವ ಉಪಾಯ ನಡೆಯಲಿಲ್ಲ. ಅದು ಉಸಿರಿನಿಂದ ಹರಡುವ ರೋಗ, ಗುಡಿಸಲಿಗೂ ಬರುತ್ತಿತ್ತು. ಜೂನ್‌ನಲ್ಲಿ ಮುಂಬಯಿ ಮುಟ್ಟಿದ ಅದರ ಘೋರ ಅಲೆ ಎದ್ದದ್ದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವ ಹೊತ್ತೂ ಅದೇ. ಆ ರೋಗ ಹೆಚ್ಚಾಗಿ ಒಯ್ದದ್ದು ಇಪ್ಪತ್ತರಿಂದ ನಲವತ್ತು ವಯಸ್ಸಿನವರನ್ನು, ಅಂದರೆ ಕೂರಿಗೆ ಹಿಡಿಯುವವರನ್ನು ಮತ್ತು ರೊಟ್ಟಿ ಬಡಿಯುವವರನ್ನು. ಆರೈಕೆಗೆ ನಿಂತ ಹೆಂಗಸರು ಗಂಡಸರಿಗಿಂತ ಹೆಚ್ಚು ಸತ್ತರು. ಮನೆಮಂದಿಯೆಲ್ಲ ಒಮ್ಮೆಗೆ ಮಲಗಿದಾಗ ನೀರು ಕೊಡುವವರೂ ಇರಲಿಲ್ಲ. ಭಾರತದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಎಂಬುದು ಅಂದಾಜು. 1911ಕ್ಕಿಂತ 1921ರಲ್ಲಿ ದೇಶದ ಜನಸಂಖ್ಯೆ ಕಡಿಮೆಯಾಗಿತ್ತು.

2020ರಲ್ಲಿ ರಾಜ್ಯ ಸರ್ಕಾರ ಮೊದಲಿಗೆ ಹೊರಡಿಸಿದ ಕೊರೊನಾ ನಿಯಮಗಳಿಗೆ ಆಧಾರವಾದದ್ದು ಅದೇ 1897ರ ಕಾಯ್ದೆ. ಮಹಾರಾಷ್ಟ್ರ, ಗೋವಾಗಳಲ್ಲಿ ದುಡಿಯುತ್ತಿದ್ದವರು ಬೆಳಗಾವಿ ಜಿಲ್ಲೆಯ ತಮ್ಮ ಹಳ್ಳಿಗಳಿಗೆ ಮರಳಿದರು. ಊರಿಗೆ ಬಂದರೂ ಮನೆಗೆ ಹೋಗುವಂತಿರಲಿಲ್ಲ, ಶಾಲೆಯ ಕೋಣೆಗಳಲ್ಲಿ ದಿನ ಎಣಿಸಬೇಕಾಯಿತು. ಸವದತ್ತಿಯ ಎಲ್ಲಮ್ಮನ ಗುಡಿಗೆ ತಿಂಗಳುಗಟ್ಟಲೆ ಭಕ್ತರ ಪ್ರವೇಶ ನಿಂತಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಪ್ಲೇಗಿನ ಕಾಲದಲ್ಲಿ ಮನೆ ಕಳೆದುಕೊಂಡ ಸಂಸಾರಕ್ಕೆ ಪಕ್ಕದ ಗುಡಿಸಲಿನವರ ಆಸರೆಯಾದರೂ ಇತ್ತು. ಕೊರೊನಾ ಕಾಲದಲ್ಲಿ ಮನೆ ಇತ್ತು, ನೆರೆಯವರು ಬರುವಂತಿರಲಿಲ್ಲ. ಒಂದು ಮಾತ್ರ ಬದಲಾಗಲಿಲ್ಲ. ಹೊಲದ ಗುಡಿಸಲಾಗಲಿ, ಬಾಗಿಲು ಹಾಕಿದ ಮನೆಯಾಗಲಿ, ಹೊತ್ತಿಗೆ ಒಲೆ ಹೊತ್ತಿಸಿ, ಮಕ್ಕಳಿಗೆ ಉಣ್ಣಿಸಿ, ಮುದುಕರ ಹಣೆ ಮುಟ್ಟಿ ನೋಡುವ ಕೆಲಸ ಎರಡೂ ಕಾಲದಲ್ಲಿ ಬಹುಪಾಲು ಹೆಂಗಸರ ಪಾಲಿಗೇ ಬಂತು. ಸತ್ತವರ ಲೆಕ್ಕ ಸರ್ಕಾರದ ದಫ್ತರಗಳಲ್ಲಿದೆ. ಉಳಿದವರನ್ನು ಉಳಿಸಿದ ಈ ದುಡಿಮೆಯನ್ನು ಯಾವ ಗಣತಿಯೂ ಬರೆದುಕೊಳ್ಳಲಿಲ್ಲ.