ರಾಣಿಯ ಕಾಲದ ಚಾಕು

ಪೆರ್ನಾಲಿನ ಮರುದಿನ ಮಂಜೇಶ್ವರದ ನಮ್ಮ ಮನೆಗೆ ಬಂದ ತಂಗಿಯ ಮಗ ಮೊಬೈಲನ್ನು ನನ್ನ ಮುಂದೆ ಹಿಡಿದ. "ಮಾಮ, ವಿಕ್ಟೋರಿಯಾ ರಾಣಿಯ ಕಾಲದ ರೋಜರ್ಸ್ ಚಾಕು. 18 ಸಾವಿರ ಹೇಳ್ತಿದ್ದಾರೆ. ಉಪ್ಪಾಪನ ಹತ್ರ ಇದ್ದದ್ದು ಇಂಥದ್ದೇ ಅಲ್ವಾ?"

ನನ್ನ ಉಪ್ಪನ ಮಡಚುವ ಚಾಕು ಕಳೆದುಹೋಗಿ ಎಷ್ಟೋ ವರ್ಷವಾಯಿತು. ಅಂಥದ್ದೊಂದನ್ನು ಹುಡುಕಿ ತನ್ನ ಉಮ್ಮನ ಕೈಗೆ ಕೊಡಬೇಕೆಂಬುದು ಹುಡುಗನ ಆಸೆ. ಹಣ ದುಬೈಯ ಬಿಸಿಲಲ್ಲಿ ದುಡಿದದ್ದು. "ಮೊದಲು ಅಲಗಿನ ಬುಡದ ಫೋಟೊ ತರಿಸು, ಆಮೇಲೆ ಮಾತಾಡೋಣ" ಎಂದೆ.

ರೋಜರ್ಸ್ ಚಾಕು ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ್ದು. ಅಲ್ಲಿಯ ಚಾಕುಗಳ ಚರಿತ್ರೆ ಇರುವುದು ಅಲಗು ಹಿಡಿಯೊಳಗೆ ಸೇರುವ ಆ ಅರ್ಧ ಇಂಚು ಜಾಗದಲ್ಲಿ. ಚಾಕು ಮಾಡುವವರ ಸಂಘವಾದ ಕಟ್ಲರ್ಸ್ ಕಂಪನಿ 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿತು. ಯಾರ ಮುದ್ರೆ ಯಾವುದೆಂದು ದಾಖಲೆ ಇಡುವುದು ಅದರ ಕೆಲಸ. ರೋಜರ್ಸ್ ಮನೆತನಕ್ಕೆ 1764ರಲ್ಲಿ ಸಿಕ್ಕಿದ ಮುದ್ರೆ ಒಂದು ನಕ್ಷತ್ರ ಮತ್ತು ಒಂದು ಮಾಲ್ಟಾ ಶಿಲುಬೆ. ಹೆಸರಿನ ನಡುವೆ ಇಂಗ್ಲಿಷಿನ 'ಡಿ' ಅಕ್ಷರ ಇರಲೇಬೇಕು. ಅದು ಬಿಟ್ಟುಹೋಗಿದ್ದರೆ ಅಲ್ಲಿಗೇ ಕೈಬಿಡಿ.

1820ರ ದಶಕದಲ್ಲಿ ಅವರಿಗೆ ಅರಮನೆಯ ಸನ್ನದು ಸಿಕ್ಕಿತು. ಆಮೇಲೆ ಅಲಗಿನ ಮೇಲೆ ಕಿರೀಟವೂ ಅದರ ಎರಡು ಬದಿಗೆ ದೊರೆಯ ಅಕ್ಷರಗಳೂ ಬಂದವು. 'ವಿ ಆರ್' ಎಂದರೆ ವಿಕ್ಟೋರಿಯಾ, 1837ರಿಂದ 1901. 'ಇ ಆರ್' ಎಂದರೆ 1910ರವರೆಗೆ ಆಳಿದ ಎಡ್ವರ್ಡ್. 'ಜಿ ಆರ್' ಮಾತ್ರ ಗೊಂದಲದ್ದು. ಜಾರ್ಜ್ ಹೆಸರಿನ ದೊರೆ ವಿಕ್ಟೋರಿಯಾಗಿಂತ ಮೊದಲೂ ಇದ್ದ, ಎಡ್ವರ್ಡನ ನಂತರವೂ ಬಂದ. ಆಗ ದೇಶದ ಹೆಸರು ಇದೆಯೇ ನೋಡಬೇಕು. ಹೊರಗಿನ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. 'ಇಂಗ್ಲೆಂಡ್' ಎಂಬ ಮುದ್ರೆ ಸಾಮಾನ್ಯವಾಗಿ ಕಾಣುವುದು ಆ ಬಳಿಕದ ಚಾಕುಗಳಲ್ಲಿ.

ಹಳೆಯದೆಲ್ಲ ಅಸಲಿ ಎಂದು ತಿಳಿಯಬೇಡಿ. ಜರ್ಮನಿಯ ಸೋಲಿಂಗೆನ್‌ನಿಂದ ಶೆಫೀಲ್ಡಿನ ಹೆಸರು ಹೊತ್ತ ಅಗ್ಗದ ಚಾಕುಗಳು ಆ ಕಾಲದಲ್ಲೇ ಎಷ್ಟು ಬರುತ್ತಿದ್ದವೆಂದರೆ, ಬ್ರಿಟನ್ 1887ರಲ್ಲಿ ಸರಕಿನ ಮುದ್ರೆಗಳಿಗೆಂದೇ ಒಂದು ಕಾಯ್ದೆ ತರಬೇಕಾಯಿತು. ನೂರು ವರ್ಷ ಹಳೆಯ ನಕಲಿಯೂ ಇರುತ್ತದೆ.

ಚಾಕು ಕೈಗೆ ಸಿಕ್ಕರೆ ಉಗುರಿನಿಂದ ಮುದ್ರೆಯನ್ನು ಸವರಿ. ಅಚ್ಚಿನಿಂದ ಹೊಡೆದ ಅಕ್ಷರಕ್ಕೆ ಆಳ ಇರುತ್ತದೆ, ಅದರ ಅಂಚು ಅಲಗಿನೊಂದಿಗೇ ಸವೆದಿರುತ್ತದೆ. ಅಲಗೆಲ್ಲ ಸವೆದು ಅಕ್ಷರ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಸಂಶಯಪಡಿ. ಮಡಚಿದಾಗ ಅಲಗು ನಡುವಿಗೆ ಸರಿಯಾಗಿ ಕೂರದಿದ್ದರೆ, ರಿವೆಟಿನ ತಲೆ ಹೊಸದಾಗಿದ್ದರೆ, ಹಳೆಯ ಹಿಡಿಗೆ ಬೇರೆ ಅಲಗು ಹಾಕಿರಬಹುದು.

ಹಿಡಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ರೋಜರ್ಸ್‌ನವರು ಆನೆದಂತವನ್ನು ರಾಶಿ ರಾಶಿ ಬಳಸಿದವರು. ನಮ್ಮ ದೇಶದ ಕಡವೆಯ ಕೊಂಬೂ ಶೆಫೀಲ್ಡಿಗೆ ಹೋಗಿ ಚಾಕುವಿನ ಹಿಡಿಯಾಗುತ್ತಿತ್ತು. ಇಂದು ಇಲ್ಲಿ ದಂತವನ್ನಾಗಲಿ ಕಡವೆಯ ಕೊಂಬನ್ನಾಗಲಿ ಮಾರುವುದಕ್ಕೆ, ಕೊಳ್ಳುವುದಕ್ಕೆ ವನ್ಯಜೀವಿ ಕಾನೂನಿನ ತಡೆ ಇದೆ. ಹಿಡಿ ಅಸಲಿಯಾದಷ್ಟೂ ಕೇಸು ಗಟ್ಟಿ!

ಸಂಜೆಗೆ ಫೋಟೊ ಬಂತು. ನಕ್ಷತ್ರ ಇತ್ತು, ಶಿಲುಬೆ ಇತ್ತು, ಕಿರೀಟದ ಪಕ್ಕ 'ವಿ ಆರ್' ಕೂಡ ಇತ್ತು. ಹುಡುಗನ ಮುಖ ಅರಳಿತು. ನಾನು ಫೋಟೊ ದೊಡ್ಡದು ಮಾಡಿ ನೋಡಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಸ್ಟೇನ್‌ಲೆಸ್' ಎಂದಿತ್ತು. ಹ್ಯಾರಿ ಬ್ರಿಯರ್ಲಿ ಅದೇ ಶೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ್ದು 1913ರಲ್ಲಿ. ರಾಣಿ ತೀರಿಕೊಂಡು ಆಗ 12 ವರ್ಷ. ಚಾಕು ಯಾವಾಗಿನದೋ ಏನೋ, ರಾಣಿಯ ಕಾಲದ್ದಂತೂ ಅಲ್ಲ.

ಅವನಿಗೆ ಇನ್ನೂ ಮನಸ್ಸು ಒಪ್ಪಲಿಲ್ಲ. ಅಡುಗೆಮನೆಗೆ ಹೋಗಿ ಕೇಳಿದ: "ಉಮ್ಮಾ, ಉಪ್ಪಾಪನ ಚಾಕು ತುಕ್ಕು ಹಿಡೀತಿತ್ತಾ?"

"ಹಿಡೀದೆ ಇರ್ತದಾ?" ಎಂದಳು ತಂಗಿ. "ಮಾವಿನಕಾಯಿ ಕೊಯ್ದರೆ ಸಾಕು, ಕಪ್ಪಾಗ್ತಿತ್ತು. ಉಪ್ಪ ಒಲೆಯ ಬೂದಿ ಹಾಕಿ ಉಜ್ಜಿ ಉಜ್ಜಿ ಇಡ್ತಿದ್ರು."