ನಿಕ್ ಡ್ರೇಕ್: ತಡವಾಗಿ ಕೇಳಿಸಿದ ಮೂರು ಆಲ್ಬಂಗಳು

ನಿಕ್ ಡ್ರೇಕ್ (1948–1974) ಇಂಗ್ಲೆಂಡಿನ ಹಾಡುಗಾರ, ಗಿಟಾರ್ ವಾದಕ. ತನ್ನ ಹಾಡುಗಳನ್ನು ತಾನೇ ಬರೆದು, ತಾನೇ ರಾಗ ಕೂಡಿಸಿ ಹಾಡಿದವನು. ಬದುಕಿದ್ದಾಗ ಅವನ ಹೆಸರಿನಲ್ಲಿ ಬಂದದ್ದು ಮೂರೇ ಆಲ್ಬಂ: ‘ಫೈವ್ ಲೀವ್ಸ್ ಲೆಫ್ಟ್’ (1969), ‘ಬ್ರೈಟರ್ ಲೇಟರ್’ (1971), ‘ಪಿಂಕ್ ಮೂನ್’ (1972). ಹೊರಬಂದ ಕಾಲದಲ್ಲಿ ಇವುಗಳಲ್ಲಿ ಯಾವುದೂ 5,000 ಪ್ರತಿ ಸಹ ಖರ್ಚಾಗಲಿಲ್ಲ. 2003ರಲ್ಲಿ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಂಗಳ ಪಟ್ಟಿ ಮಾಡಿದಾಗ ಮೂರಕ್ಕೆ ಮೂರೂ ಅದರಲ್ಲಿದ್ದವು.

ನಡುವಿನ ಮೂವತ್ತು ವರ್ಷಗಳಲ್ಲಿ ಆ ಹಾಡುಗಳ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಕೇಳುವವರು. ಡ್ರೇಕ್ ಬಗ್ಗೆ ಬರೆಯುವವರು ಬಹುಪಾಲು ಅವನ ಅಕಾಲ ಮರಣದಿಂದ ಶುರುಮಾಡುತ್ತಾರೆ. ಅದು ಅವನ ಬೆರಳುಗಳಿಗೆ ಮಾಡುವ ಅನ್ಯಾಯ ಎಂದೇ ನನಗೆ ಅನಿಸುತ್ತದೆ. ದುಃಖದ ಕಥೆಗಿಂತ ಮೊದಲು ಅಲ್ಲಿ ಒಬ್ಬ ಅಸಾಧಾರಣ ವಾದಕನಿದ್ದಾನೆ. ಅವನನ್ನು ಹಿರಿಮೆಗೇರಿಸಿದ್ದೂ, ಅವನ ಕಾಲದಲ್ಲಿ ಹಿಂದೆ ತಳ್ಳಿದ್ದೂ ಬಹುಮಟ್ಟಿಗೆ ಅದೇ ವಾದನ.

ರಂಗೂನಿನಿಂದ ಟ್ಯಾನ್‌ವರ್ತ್‌ಗೆ

ನಿಕ್ ಹುಟ್ಟಿದ್ದು 1948ರ ಜೂನ್ 19ರಂದು, ಬರ್ಮಾದ ರಂಗೂನಿನಲ್ಲಿ. ತಂದೆ ರಾಡ್ನಿ ಡ್ರೇಕ್ ತೇಗದ ವ್ಯಾಪಾರಕ್ಕೆ ಹೆಸರಾದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನಲ್ಲಿ ಎಂಜಿನಿಯರ್. ತಾಯಿ ಮಾಲಿ ಕೂಡ ರಂಗೂನಿನಲ್ಲೇ ಹುಟ್ಟಿದವರು. ಅವರ ತಂದೆ ಇಂಡಿಯನ್ ಸಿವಿಲ್ ಸರ್ವಿಸ್‌ನಲ್ಲಿದ್ದರು. 1942ರಲ್ಲಿ ಜಪಾನಿ ಸೇನೆ ಬರ್ಮಾಕ್ಕೆ ನುಗ್ಗಿದಾಗ ಮಾಲಿ ತಮ್ಮ ಸಹೋದರಿ ನ್ಯಾನ್ಸಿಯೊಂದಿಗೆ ತಪ್ಪಿಸಿಕೊಂಡು ದೆಹಲಿ ಸೇರಿದರು. ಅಲ್ಲಿ ಇಬ್ಬರೂ ‘ಲಾಯ್ಡ್ ಸಿಸ್ಟರ್ಸ್’ ಎಂಬ ಹೆಸರಿನಲ್ಲಿ ಆಲ್ ಇಂಡಿಯಾ ರೇಡಿಯೊದಲ್ಲಿ ಹಾಡಿದರು. ನಿಕ್‌ನ ಅಕ್ಕ ಗೇಬ್ರಿಯಲ್ ಹುಟ್ಟಿದ್ದು 1944ರಲ್ಲಿ, ಲಾಹೋರಿನಲ್ಲಿ. ಮುಂದೆ ಅವರು ಬ್ರಿಟನ್ನಿನ ಹೆಸರಾಂತ ನಟಿಯಾದರು.

1950ರ ದಶಕದ ಆರಂಭದಲ್ಲಿ ಕುಟುಂಬ ಇಂಗ್ಲೆಂಡಿಗೆ ಮರಳಿ, ವಾರಿಕ್‌ಶೈರ್‌ನ ಟ್ಯಾನ್‌ವರ್ತ್ ಇನ್ ಆರ್ಡನ್ ಎಂಬ ಹಳ್ಳಿಯಲ್ಲಿ ನೆಲೆಸಿತು. ಆ ಮನೆಯ ಹೆಸರು ಫಾರ್ ಲೇಸ್. ಮಾಲಿ ಪಿಯಾನೊ ಮುಂದೆ ಕೂತು ತಾವೇ ಕಟ್ಟಿದ ಹಾಡುಗಳನ್ನು ಹಾಡುತ್ತಿದ್ದರು, ರಾಡ್ನಿ ಅವುಗಳನ್ನು ಟೇಪಿಗೆ ಇಳಿಸಿಕೊಳ್ಳುತ್ತಿದ್ದರು. ಹೊರಗಿನವರು ಕೇಳಲೆಂದು ಮಾಡಿದ್ದಲ್ಲ ಅದು. 2013ರಲ್ಲಿ ಆ ಟೇಪುಗಳು ಆಲ್ಬಂ ಆಗಿ ಬಂದಾಗ ಡ್ರೇಕ್ ಅಭಿಮಾನಿಗಳಿಗೆ ಒಂದು ಬಾಗಿಲು ತೆರೆದಂತಾಯಿತು. ಸ್ವರಮೇಳ ಇದ್ದಕ್ಕಿದ್ದಂತೆ ನೆರಳಿನ ಕಡೆ ತಿರುಗುವ ರೀತಿ, ಮಾತಿನಷ್ಟೇ ಮೆಲ್ಲಗಿನ ದನಿ, ಎರಡೂ ಮಗನಿಗೆ ತಾಯಿಯಿಂದ ಬಂದವು. ಆ ಹಾಡುಗಳನ್ನು ಕೇಳಿದ ಮೇಲೆ ಈ ಮಾತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಮಾರ್ಲ್‌ಬರೊ ಕಾಲೇಜಿನಲ್ಲಿ ಓದುವಾಗ ನಿಕ್ ಒಳ್ಳೆಯ ಓಟಗಾರ. ಪಿಯಾನೊ, ಕ್ಲಾರಿನೆಟ್, ಸ್ಯಾಕ್ಸೊಫೋನ್ ನುಡಿಸುತ್ತಿದ್ದ. 1965ರಲ್ಲಿ 13 ಪೌಂಡ್ ಕೊಟ್ಟು ಮೊದಲ ಗಿಟಾರ್ ಕೊಂಡ. ಕೇಂಬ್ರಿಡ್ಜ್‌ನ ಫಿಟ್ಸ್‌ವಿಲಿಯಂ ಕಾಲೇಜಿಗೆ ಇಂಗ್ಲಿಷ್ ಸಾಹಿತ್ಯ ಓದಲು ಸೇರಿದವನು ಪದವಿ ಮುಗಿಯುವ ಮೊದಲೇ 1969ರಲ್ಲಿ ಬಿಟ್ಟು ಲಂಡನ್ನಿಗೆ ಹೋದ.

ಗಿಟಾರಿನ ಶ್ರುತಿ

ಸಾಮಾನ್ಯವಾಗಿ ಗಿಟಾರಿನ ಆರು ತಂತಿಗಳನ್ನು ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡುತ್ತಾರೆ. ಡ್ರೇಕ್ ಹಲವು ಹಾಡುಗಳಿಗೆ ಈ ಕ್ರಮವನ್ನೇ ಬಿಟ್ಟ. ಅವನಿಗೆ ಪ್ರಿಯವಾಗಿದ್ದ ಒಂದು ಶ್ರುತಿ ಸಿ, ಜಿ, ಸಿ, ಎಫ್, ಸಿ, ಇ. ಕೊನೆಯದೊಂದನ್ನು ಬಿಟ್ಟು ಉಳಿದ ಐದೂ ತಂತಿಗಳ ಸ್ವರ ಬದಲಾಗುತ್ತದೆ. ಸಂಗೀತ ಬಲ್ಲ ಕನ್ನಡ ಓದುಗರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು: ಸಿ ಸ್ವರವನ್ನು ಷಡ್ಜವೆಂದು ಹಿಡಿದರೆ ಇದು ಸ, ಪ, ಸ, ಮ, ಸ, ಗ. ಮಧ್ಯಮ ಶುದ್ಧ, ಗಾಂಧಾರ ಅಂತರ. ಎಡಗೈ ತಂತಿಯನ್ನು ಮುಟ್ಟದಿದ್ದಾಗಲೂ ಕೆಳಗಿನ ಷಡ್ಜ ಪಂಚಮಗಳು ತಂಬೂರಿಯಂತೆ ಮೊಳಗುತ್ತಿರುತ್ತವೆ. ಮೇಲೆ ಮಧ್ಯಮವನ್ನೂ ಗಾಂಧಾರವನ್ನೂ ಒಟ್ಟಿಗೆ ಮೀಟಿದಾಗ ಒಂದು ಸಣ್ಣ ಘರ್ಷಣೆ ಹುಟ್ಟುತ್ತದೆ. ಅವನ ಹಾಡುಗಳಲ್ಲಿ ಹೆಸರಿಡಲಾಗದ ಒಂದು ಕಳವಳ ಸದಾ ಹರಿಯುತ್ತಿರುತ್ತದಲ್ಲ, ಅದರ ಅರ್ಧ ಗುಟ್ಟು ಈ ಎರಡು ತಂತಿಗಳಲ್ಲಿದೆ. ‘ಪಿಂಕ್ ಮೂನ್’, ‘ಹೇಜಿ ಜೇನ್ ಒನ್’ ಹಾಡುಗಳು ಈ ಶ್ರುತಿಯಲ್ಲಿವೆ.

ಉಳಿದರ್ಧ ಬಲಗೈಯದು. ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಒಂದೇ ಸಮನೆ ಲಯ ಹಿಡಿದಿರುತ್ತದೆ, ಉಳಿದ ಬೆರಳುಗಳು ಮೇಲೆ ಬೇರೆಯೇ ಎಳೆ ನೇಯುತ್ತವೆ. ಹಾಡುವ ದನಿ ಇವೆರಡರಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ, ತಾಳದ ಪೆಟ್ಟಿಗಿಂತ ತುಸು ಹಿಂದೆ ಸರಿದು ಬರುತ್ತದೆ. ಮೂರು ಲಯಗಳನ್ನು ಒಬ್ಬನೇ ಏಕಕಾಲಕ್ಕೆ ಹಿಡಿದಿಡುವ ಈ ಕೆಲಸದಲ್ಲಿ ಅವನು ತಪ್ಪುತ್ತಿರಲಿಲ್ಲ.

ಮೊದಲ ಆಲ್ಬಂ

ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ಆ್ಯಶ್ಲಿ ಹಚಿಂಗ್ಸ್ ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ಈ ಎತ್ತರದ, ಸಂಕೋಚದ ಹುಡುಗನ ಹಾಡು ಕೇಳಿ, ಅಮೆರಿಕದ ನಿರ್ಮಾಪಕ ಜೋ ಬಾಯ್ಡ್ ಅವರಿಗೆ ಪರಿಚಯಿಸಿದರು. ಬಾಯ್ಡ್ ಅವರ ವಿಚ್‌ಸೀಸನ್ ಸಂಸ್ಥೆ ಅವನನ್ನು ಒಪ್ಪಿಕೊಂಡಿತು. ಆಲ್ಬಂ ಹೊರತಂದದ್ದು ಐಲೆಂಡ್ ರೆಕಾರ್ಡ್ಸ್. ಚೆಲ್ಸಿಯ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ, ಎಂಜಿನಿಯರ್ ಜಾನ್ ವುಡ್. ಸಿಗರೇಟು ಸುತ್ತುವ ರಿಜ್ಲಾ ಕಾಗದದ ಕಟ್ಟಿನಲ್ಲಿ ಮುಗಿಯುವ ಹೊತ್ತಿಗೆ ಬರುವ ಸೂಚನಾ ಚೀಟಿಯಿಂದ ಆಲ್ಬಮ್ಮಿನ ಹೆಸರು ಬಂತು.

ಪಿಟೀಲು ವೃಂದದ ಜೋಡಣೆಗೆ ಮೊದಲು ಗೊತ್ತುಮಾಡಿದ್ದ ಅನುಭವಿಯ ಕೆಲಸ ನಿಕ್‌ಗೆ ಒಪ್ಪಿಗೆಯಾಗಲಿಲ್ಲ. ಕೇಂಬ್ರಿಡ್ಜ್‌ನ ಗೆಳೆಯ ರಾಬರ್ಟ್ ಕರ್ಬಿ ಮಾಡಲಿ ಎಂದ. ಕರ್ಬಿ ಆಗಿನ್ನೂ ವಿದ್ಯಾರ್ಥಿ, ವೃತ್ತಿಯ ಸ್ಟುಡಿಯೊ ಕಂಡವರಲ್ಲ. ಮಾತೇ ಆಡದ ಹುಡುಗ ಈ ಒಂದು ವಿಷಯದಲ್ಲಿ ಹಟ ಹಿಡಿದದ್ದು ಗಮನಿಸಬೇಕಾದ್ದು: ತನ್ನ ಹಾಡು ಹೇಗೆ ಕೇಳಿಸಬೇಕು ಎಂಬ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ. ‘ವೇ ಟು ಬ್ಲೂ’ ಹಾಡಿನಲ್ಲಿ ಗಿಟಾರೇ ಇಲ್ಲ, ಬರೀ ದನಿ ಮತ್ತು ಕರ್ಬಿ ಬರೆದ ತಂತಿವಾದ್ಯಗಳು.

‘ರಿವರ್ ಮ್ಯಾನ್’ ಮಾತ್ರ ತನ್ನ ಕೈಗೆ ಮೀರಿದ್ದು ಎಂದು ಕರ್ಬಿ ಹಿಂದೆ ಸರಿದರು. ಆ ಹಾಡಿನ ಒಂದು ಆವರ್ತಕ್ಕೆ ಐದು ಎಣಿಕೆ. ಖಂಡ ಚಾಪು ಕೇಳಿ ಬೆಳೆದ ನಮ್ಮ ಕಿವಿಗೆ ಐದು ಸಹಜ. ನಾಲ್ಕಕ್ಕೆ ಒಗ್ಗಿದ ಇಂಗ್ಲಿಷ್ ಜನಪ್ರಿಯ ಸಂಗೀತಕ್ಕೆ ಅದು ಆಗ ಅಪರೂಪದ ನಡಿಗೆ. ಭಯಾನಕ ಚಿತ್ರಗಳಿಗೆ ಸಂಗೀತ ಕೊಡುತ್ತಿದ್ದ ಹ್ಯಾರಿ ರಾಬಿನ್ಸನ್ ಅದಕ್ಕೆ ವೃಂದ ಜೋಡಿಸಿದರು. ಗಿಟಾರ್ ಐದರ ಎಣಿಕೆಯಲ್ಲಿ ನಿಲ್ಲದೆ ಸಾಗುತ್ತದೆ, ದನಿ ಆವರ್ತದ ಗೆರೆಗಳನ್ನು ದಾಟಿ ಸಾಲುಗಳನ್ನು ಎಳೆಯುತ್ತದೆ, ಪಿಟೀಲುಗಳು ಹಿಂದಿನಿಂದ ಮಂಜಿನ ಹಾಗೆ ಏರುತ್ತವೆ. ಮೂರೂ ಆಲ್ಬಂಗಳಲ್ಲಿ ಒಂದೇ ಒಂದು ಹಾಡು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಎರಡನೆಯದು, ಮೂರನೆಯದು

‘ಬ್ರೈಟರ್ ಲೇಟರ್’ ಹೆಚ್ಚು ಜನರನ್ನು ತಲುಪಬೇಕೆಂಬ ಆಸೆಯಿಂದ ಮಾಡಿದ ಆಲ್ಬಂ. ಫೇರ್‌ಪೋರ್ಟ್‌ನ ಡೇವ್ ಪೆಗ್ ಬೇಸ್ ಗಿಟಾರಿಗೆ, ಡೇವ್ ಮ್ಯಾಟಕ್ಸ್ ಡ್ರಮ್ಸ್‌ಗೆ ಬಂದರು. ‘ವೆಲ್ವೆಟ್ ಅಂಡರ್‌ಗ್ರೌಂಡ್’ ತಂಡದಲ್ಲಿದ್ದ ಜಾನ್ ಕೇಲ್ ಎರಡು ಹಾಡಿಗೆ ನುಡಿಸಿದರು. ಅವುಗಳಲ್ಲಿ ಒಂದಾದ ‘ನಾರ್ದರ್ನ್ ಸ್ಕೈ’ ಡ್ರೇಕ್ ಬರೆದ ಅತ್ಯಂತ ಬೆಳಕಿನ ಪ್ರೇಮಗೀತೆ. ಹಾಡಿಲ್ಲದ ಬರೀ ವಾದ್ಯದ ತುಣುಕುಗಳೂ ಮೂರಿವೆ. ಅಚ್ಚುಕಟ್ಟಾದ, ಹೊಳಪಿನ ಕೆಲಸ. ಆದರೆ ಕೆಲವು ಕಡೆ ಅಲಂಕಾರ ಹೆಚ್ಚಾಗಿ ಗಿಟಾರ್ ಹಿಂದಿನ ಸಾಲಿಗೆ ಸರಿದಿದೆ. ಇದೂ ಮಾರಾಟವಾಗಲಿಲ್ಲ. ಅಷ್ಟರಲ್ಲಿ ಬಾಯ್ಡ್ ತಮ್ಮ ಸಂಸ್ಥೆಯನ್ನು ಐಲೆಂಡ್‌ಗೆ ಮಾರಿ ಅಮೆರಿಕಕ್ಕೆ ಹೊರಟುಹೋದರು.

1971ರ ಅಕ್ಟೋಬರಿನಲ್ಲಿ ನಿಕ್ ಜಾನ್ ವುಡ್ ಅವರೊಬ್ಬರನ್ನೇ ಕೇಳಿಕೊಂಡು ಎರಡು ರಾತ್ರಿ ಸ್ಟುಡಿಯೊಗೆ ಬಂದ. ಹಗಲು ಹೊತ್ತು ಬೇರೆಯವರಿಗೆ ಬಾಡಿಗೆಗೆ ಹೋಗುತ್ತಿದ್ದ ಜಾಗ ಅದು. ಹನ್ನೊಂದು ಹಾಡು, ಒಂದು ಗಿಟಾರ್, ಒಂದು ದನಿ. ಶೀರ್ಷಿಕೆ ಗೀತೆಯಲ್ಲಿ ಮಾತ್ರ ಅವನೇ ನುಡಿಸಿದ ನಾಲ್ಕಾರು ಪಿಯಾನೊ ಸ್ವರ. ಒಟ್ಟು 28 ನಿಮಿಷ. ಮುಗಿದ ಟೇಪನ್ನು ಯಾರಿಗೂ ಹೇಳದೆ ಐಲೆಂಡ್ ಕಚೇರಿಯ ಸ್ವಾಗತ ಮೇಜಿನ ಮೇಲಿಟ್ಟು ಹೋದ ಎಂಬ ಕಥೆ ಬಹಳ ಹಬ್ಬಿದೆ, ಆಮೇಲಿನ ಜೀವನಚರಿತ್ರೆಕಾರರು ಅದನ್ನು ಹಾಗೆಯೇ ಒಪ್ಪುವುದಿಲ್ಲ.

‘ಪಿಂಕ್ ಮೂನ್’ ಕುಸಿಯುತ್ತಿರುವ ಮನಸ್ಸಿನ ದಾಖಲೆ ಎಂದು ಹೇಳುವುದು ರೂಢಿ. ಕಿವಿಗೊಟ್ಟು ಕೇಳಿದರೆ ಸಿಗುವುದು ಬೇರೆ. ‘ರೋಡ್’ ಹಾಡಿನ ಬೆರಳಾಟವನ್ನು ಇಂದಿಗೂ ನುರಿತ ವಾದಕರು ಎಷ್ಟೋ ದಿನ ಕೂತು ಅಭ್ಯಾಸ ಮಾಡುತ್ತಾರೆ. ಹಿಡಿತ ತಪ್ಪಿದವನು ಹೀಗೆ ನುಡಿಸಲಾರ.

ಯಾರೂ ಕೇಳದೆ ಹೋದದ್ದೇಕೆ

ಆ ಕಾಲದಲ್ಲಿ ಹೊಸ ಹಾಡುಗಾರರು ಹೆಸರು ಮಾಡುತ್ತಿದ್ದದ್ದು ಊರೂರು ತಿರುಗಿ ಹಾಡಿ. ಡ್ರೇಕ್‌ಗೆ ಅದು ಆಗಲಿಲ್ಲ. ಒಂದೊಂದು ಹಾಡಿಗೆ ಒಂದೊಂದು ಶ್ರುತಿ. ಹಾಡು ಮುಗಿದ ಮೇಲೆ ನಿಮಿಷಗಟ್ಟಲೆ ತಲೆ ಬಗ್ಗಿಸಿ ತಂತಿ ತಿರುಗಿಸುತ್ತ ಕೂರುವುದು. ಉಳಿದವರಾಗಿದ್ದರೆ ಆ ಹೊತ್ತಿನಲ್ಲಿ ಏನಾದರೂ ಮಾತಾಡಿ ಸಭಿಕರನ್ನು ನಗಿಸುತ್ತಿದ್ದರು. ಇವನು ಬಾಯಿ ಬಿಡುತ್ತಿರಲಿಲ್ಲ. 1969ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಫೇರ್‌ಪೋರ್ಟ್ ಜೊತೆ ಹಾಡಿದಾಗ ಸಭೆ ಮೌನವಾಗಿ ಆಲಿಸಿತ್ತು. ಕುಡಿಯುತ್ತ ಹರಟುವ ಕ್ಲಬ್ಬುಗಳಲ್ಲಿ ಅದು ಸಾಧ್ಯವಿರಲಿಲ್ಲ. 1970ರ ಜೂನ್ ತಿಂಗಳಲ್ಲಿ ಈವೆಲ್‌ನ ಕಾಲೇಜೊಂದರಲ್ಲಿ ಹಾಡಿನ ಮಧ್ಯೆಯೇ ಎದ್ದು ಹೋದ. ಆಮೇಲೆ ಕಛೇರಿಗಳ ಗೊಡವೆಯೇ ಬೇಡವೆಂದ.

ಸಂದರ್ಶನವೆಂದು ಅಚ್ಚಾದದ್ದು ಒಂದೇ, 1971ರ ‘ಸೌಂಡ್ಸ್’ ಪತ್ರಿಕೆಯಲ್ಲಿ. ದೊಡ್ಡವನಾದ ಮೇಲಿನ ಅವನ ಚಲನಚಿತ್ರದ ತುಣುಕು ಒಂದೂ ಇಲ್ಲ. ಹಾಡಿನ ಬಗ್ಗೆ ಮಾತಾಡದ, ಮುಖ ತೋರಿಸದ ಹಾಡುಗಾರನನ್ನು ರೇಡಿಯೊಗಾಗಲಿ ಪತ್ರಿಕೆಗಾಗಲಿ ಹಿಡಿದುಕೊಡುವ ದಾರಿ ಐಲೆಂಡ್‌ಗೆ ಕಾಣಲಿಲ್ಲ. ಸಂಸ್ಥೆಯನ್ನು ದೂರುವುದು ಸುಲಭ, ಆದರೆ ಒಂದಾದ ಮೇಲೊಂದು ನಷ್ಟವಾದರೂ ಮೂರು ಆಲ್ಬಂ ಹೊರತಂದವರು ಅವರೇ.

ಕೊನೆ

ಖಿನ್ನತೆ ಬಲಿಯುತ್ತ ಹೋದಂತೆ ನಿಕ್ ಹೆತ್ತವರ ಮನೆಗೆ ಮರಳಿದ. 1974ರಲ್ಲಿ ಬಾಯ್ಡ್ ಮತ್ತು ವುಡ್ ಅವನಿಂದ ಇನ್ನೂ ಐದು ಹಾಡು ಮುದ್ರಿಸಿಕೊಂಡರು. ಆ ಹೊತ್ತಿಗೆ ಒಟ್ಟಿಗೆ ನುಡಿಸಿ ಹಾಡುವುದು ಅವನಿಂದ ಆಗುತ್ತಿರಲಿಲ್ಲ. ಗಿಟಾರ್ ಮೊದಲು, ದನಿ ಆಮೇಲೆ ಬೇರೆಯಾಗಿ ಸೇರಿಸಬೇಕಾಯಿತು. ಅದೇ ವರ್ಷದ ನವೆಂಬರ್ 25ರಂದು, ಖಿನ್ನತೆಗೆ ವೈದ್ಯರು ಕೊಟ್ಟಿದ್ದ ಔಷಧದ ಪ್ರಮಾಣ ಮೀರಿ ತೀರಿಕೊಂಡ. ವಯಸ್ಸು 26. ಆತ್ಮಹತ್ಯೆ ಎಂದು ವಿಚಾರಣಾಧಿಕಾರಿ ಬರೆದರು. ಹತ್ತಿರದವರಲ್ಲಿ ಎಲ್ಲರೂ ಅದನ್ನು ಒಪ್ಪಲಿಲ್ಲ.

ಮತ್ತೆ ಸಿಕ್ಕಿದ್ದು ಹೇಗೆ

ಮರುಶೋಧದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಜೋ ಬಾಯ್ಡ್ ಅವರ ಒಂದು ಷರತ್ತು. ವಿಚ್‌ಸೀಸನ್ ಮಾರುವಾಗ, ನಿಕ್ ಡ್ರೇಕ್ ಆಲ್ಬಂಗಳನ್ನು ಯಾವತ್ತೂ ಮಾರಾಟದ ಪಟ್ಟಿಯಿಂದ ತೆಗೆಯಕೂಡದು ಎಂದು ಅವರು ಐಲೆಂಡ್ ಜೊತೆ ಮಾತು ಮಾಡಿಕೊಂಡರು. ಯಾರೂ ಕೊಳ್ಳದ ಆಲ್ಬಮ್ಮುಗಳು ಆಗ ಸದ್ದಿಲ್ಲದೆ ಅಂಗಡಿಗಳಿಂದ ಮಾಯವಾಗುತ್ತಿದ್ದವು. ಇವು ಮಾಯವಾಗಲಿಲ್ಲ. ಯಾರೋ ಒಬ್ಬರು ಕೇಳಿ ಮತ್ತೊಬ್ಬರಿಗೆ ಹೇಳಿದಾಗ, ಆ ಮತ್ತೊಬ್ಬರು ಅಂಗಡಿಗೆ ಹೋದರೆ ಆಲ್ಬಂ ಸಿಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ ದೂರದೂರಿನ ಅಭಿಮಾನಿಗಳು ಟ್ಯಾನ್‌ವರ್ತ್‌ನ ಮನೆಯ ಬಾಗಿಲು ತಟ್ಟತೊಡಗಿದರು. ರಾಡ್ನಿ ಮತ್ತು ಮಾಲಿ ಅವರನ್ನು ಒಳಗೆ ಕರೆದು ಕೂರಿಸಿ, ಮಗನ ಹಳೆಯ ಟೇಪುಗಳನ್ನು ಕೇಳಿಸುತ್ತಿದ್ದರು. 1979ರಲ್ಲಿ ಮೂರೂ ಆಲ್ಬಂಗಳು, ಜೊತೆಗೆ 1974ರ ಆ ಐದು ಹಾಡುಗಳಲ್ಲಿ ನಾಲ್ಕು ‘ಫ್ರೂಟ್ ಟ್ರೀ’ ಎಂಬ ಪೆಟ್ಟಿಗೆಯಲ್ಲಿ ಒಟ್ಟಾಗಿ ಬಂದವು. 1985ರಲ್ಲಿ ‘ಡ್ರೀಮ್ ಅಕಾಡೆಮಿ’ ತಂಡ ತನ್ನ ಜನಪ್ರಿಯ ಗೀತೆಯೊಂದನ್ನು ಅವನಿಗೆ ಅರ್ಪಿಸಿತು. 1994ರ ‘ವೇ ಟು ಬ್ಲೂ’ ಸಂಕಲನದಿಂದ ಹೊಸ ತಲೆಮಾರು ಅವನನ್ನು ಕೇಳತೊಡಗಿತು.

ದೊಡ್ಡ ತಿರುವು ಬಂದದ್ದು ಮೋಟಾರು ಕಾರಿನ ಜಾಹೀರಾತಿನಿಂದ. 1999ರ ಕೊನೆಗೆ ಅಮೆರಿಕದ ಟಿವಿಯಲ್ಲಿ ಬಂದ ಫೋಕ್ಸ್‌ವ್ಯಾಗನ್ ಜಾಹೀರಾತಿನಲ್ಲಿ ನಾಲ್ವರು ಯುವಕ ಯುವತಿಯರು ಬೆಳದಿಂಗಳಲ್ಲಿ ಮೇಲ್ಚಾವಣಿಯಿಲ್ಲದ ಕಾರಿನಲ್ಲಿ ಹೋಗುತ್ತಾರೆ; ಗದ್ದಲದ ಪಾರ್ಟಿಯೊಂದರ ಬಾಗಿಲವರೆಗೆ ಬಂದು, ಮುಖ ಮುಖ ನೋಡಿಕೊಂಡು, ಒಳಗೆ ಹೋಗದೆ ವಾಪಸು ಹೊರಡುತ್ತಾರೆ. ಹಿನ್ನೆಲೆಯಲ್ಲಿ ‘ಪಿಂಕ್ ಮೂನ್’. ಆ ಆಲ್ಬಮ್ಮಿನ ಮಾರಾಟ ಹಲವು ಪಟ್ಟು ಏರಿತು. ಕಾರು ಮಾರಲು ಈ ಹಾಡೇ ಎಂದು ಬೇಸರಿಸಿದವರಿದ್ದರು. ನನಗೆ ಆ ಬೇಸರವಿಲ್ಲ, ಏಕೆಂದರೆ ಒಂದು ತುಣುಕನ್ನಷ್ಟೇ ಕೇಳಿದವರು ಇಪ್ಪತ್ತೆಂಟು ನಿಮಿಷವನ್ನು ಹುಡುಕಿಕೊಂಡು ಹೋದರು. ಆಮೇಲೆ ‘ದಿ ರಾಯಲ್ ಟೆನೆನ್‌ಬಾಮ್ಸ್’ (2001), ‘ಗಾರ್ಡನ್ ಸ್ಟೇಟ್’ (2004) ಚಿತ್ರಗಳಲ್ಲಿ ಅವನ ಹಾಡುಗಳು ಬಂದವು. ಜಾಸ್ ಪಿಯಾನೊ ವಾದಕ ಬ್ರ್ಯಾಡ್ ಮೆಲ್ಡಾವ್ ‘ರಿವರ್ ಮ್ಯಾನ್’ ಅನ್ನು ತಮ್ಮ ಕಛೇರಿಗಳಲ್ಲಿ ನುಡಿಸುತ್ತ ಬಂದರು. 2023ರಲ್ಲಿ ರಿಚರ್ಡ್ ಮಾರ್ಟನ್ ಜ್ಯಾಕ್ ಬರೆದ ವಿಸ್ತಾರವಾದ ಜೀವನಚರಿತ್ರೆ ಹಲವು ದಂತಕಥೆಗಳನ್ನು ತಿದ್ದಿತು.

ಎಲ್ಲಿಂದ ಶುರುಮಾಡಬೇಕು

ಹೊಸದಾಗಿ ಕೇಳುವವರು ‘ಫೈವ್ ಲೀವ್ಸ್ ಲೆಫ್ಟ್’ನಿಂದ ಆರಂಭಿಸುವುದು ಒಳ್ಳೆಯದು. ಮೊದಲ ಸಲಕ್ಕೆ ಪದಗಳ ಅರ್ಥದ ಬೆನ್ನು ಹತ್ತಬೇಡಿ. ಹೆಬ್ಬೆರಳಿನ ಲಯವನ್ನಷ್ಟೇ ಹಿಡಿಯಿರಿ. ‘ಪಿಂಕ್ ಮೂನ್’ ಎರಡನೆಯದಾಗಲಿ, ಹಾಡು ಆರಿಸಿ ಕೇಳದೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಕೂತು ಕೇಳಿ. ‘ಬ್ರೈಟರ್ ಲೇಟರ್’ ಆಮೇಲೆ ತಾನಾಗಿ ಹತ್ತಿರವಾಗುತ್ತದೆ. ಮನೆಯಲ್ಲಿ ಗಿಟಾರ್ ಕಲಿಯುತ್ತಿರುವ ಮಕ್ಕಳಿದ್ದರೆ ಅವರ ಕೈಯಲ್ಲಿ ಒಮ್ಮೆ ತಂತಿಗಳನ್ನು ಸ, ಪ, ಸ, ಮ, ಸ, ಗ ಎಂದು ಕೂಡಿಸಿ ಮೀಟಿಸಿ ನೋಡಿ. ಮೂರೂ ಆಲ್ಬಂಗಳು ಇಂದು ಸ್ಟ್ರೀಮಿಂಗ್ ಸೇವೆಗಳಲ್ಲಿ ಪೂರ್ತಿಯಾಗಿ ಸಿಗುತ್ತವೆ.